ಗಡಿಬಿಡಿ ಮಾಮನ ಖರೀದಿ

“ಅಮ್ಮಾ, ಗಡಿಬಿಡಿ ಮಾಮಂಗೆ ಏನು ಬೇಕು ಅಂತ ಇವತ್ತಾದ್ರೂ ಗೊತ್ತಾಯ್ತಾ?” ಎಂದು ಮಗಳು ಕೇಳಿದಾಗಲೆಲ್ಲ ವಿಮಾನನಿಲ್ದಾಣದ ಉಡುಗೊರೆ ಅಂಗಡಿಯಲ್ಲಿ ಕೆಲಸ ಮಾಡುವ ಅವಳಮ್ಮನಿಗೆ ನಗು ಉಕ್ಕುತ್ತದೆ. ಕೆಲಸದ ಮೇಲೆ ಊರೂರು ಸುತ್ತುವ ಈ ಮಹಾಶಯರು ಅಂಗಡಿಗೆ ನುಗ್ಗುವುದೇ ವಿಮಾನದ ಕೊನೆಯ ಕರೆ ಕೂಗಿದ ಮೇಲೆ. ಗಾಜಿನ ಹಂಸವನ್ನು ಎತ್ತಿ, “ಇದು ಒಡೆಯುತ್ತೇನಮ್ಮಾ?” ಎನ್ನುತ್ತಾರೆ, “ಬೀಳಿಸಿದ್ರೆ ಒಡೆಯುತ್ತೆ ಸಾರ್” ಎಂದರೆ ಕೆಂಡ ಮುಟ್ಟಿದವರಂತೆ ಕೆಳಗಿಡುತ್ತಾರೆ. ಮಫ್ಲರನ್ನು ತಮ್ಮ ಕೊರಳಿಗೇ ಸುತ್ತಿಕೊಂಡು ಕನ್ನಡಿಯಲ್ಲಿ ಹೆಂಡತಿಯ ಮುಖ ಹುಡುಕುತ್ತಾರೆ. ಕೊನೆಗೆ ಕೈಗೆ ಸಿಕ್ಕಿದ್ದನ್ನು ಕಟ್ಟಿಸಿ, ಅದನ್ನು ಅಲ್ಲೇ ಮರೆತು ಓಡಿ, ಏದುಸಿರು ಬಿಡುತ್ತಾ ವಾಪಸು ಬರುತ್ತಾರೆ. ಮೊನ್ನೆ ಮಾತ್ರ ಯಾವ ಕರೆಯೂ ಕೂಗುವ ಮೊದಲೇ ಬಂದು, ಏನನ್ನೂ ಮುಟ್ಟದೆ ನಿಂತುಬಿಟ್ಟರು. ಪ್ರತಿ ಸಲ ಫೋನಿನಲ್ಲಿ “ನಂಗೇನೂ ಬೇಡ, ನೀವು ಬಂದ್ರೆ ಸಾಕು” ಎನ್ನುತ್ತಿದ್ದ ಅವರ ಹೆಂಡತಿ, ಈ ಸಲ “ನಂಗೇನೂ ಬೇಡ” ಎಂದಷ್ಟೇ ಹೇಳಿ ಫೋನಿಟ್ಟುಬಿಟ್ಟರಂತೆ. “ಒಂದು ಉಪಕಾರ ಮಾಡ್ತೀಯೇನಮ್ಮಾ?” ಎಂದರು ಮೆಲ್ಲಗೆ. “ನೀನೂ ಗಂಡನಿಗೆ ‘ನಂಗೇನೂ ಬೇಡ’ ಅಂತ ಹೇಳಿರ್ತೀಯಲ್ಲ, ಒಂದ್ಸಲ ಹೇಳಿ ತೋರಿಸು. ಉಳಿದ ಮಾತು ಅದ್ರೊಳಗೇ ಇರುತ್ತಾ ಅಂತ ಕೇಳ್ಬೇಕು.”