ಹಾಕಿ ಎಸೆಯುವ ಚೀಲ

ಉಣ್ಣುವುದು ಹೇಗೆಂದು ನಾನು ಕಲಿತದ್ದು ನನ್ನ ಅತ್ತೆ ಉಣ್ಣುವುದನ್ನು ನೋಡಿ. ಅವಳು ಅಪ್ಪನ ಅಕ್ಕ. ನಮ್ಮವರಲ್ಲಿ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವುದರಿಂದ ಮುಂದೆ ನನ್ನ ಗಂಡನ ತಾಯಿಯೂ ಆದಳು. ಚಿಕ್ಕಂದಿನಿಂದ ಅವಳನ್ನು 'ನೀನು' ಎಂದೇ ಕರೆದವಳು ನಾನು, ಮದುವೆಯಾದ ಮೇಲೂ ಬದಲಾಯಿಸಲಿಲ್ಲ, ಅವಳೂ ಕೇಳಲಿಲ್ಲ. ಮುದ್ದು ಬಂದರೂ ಸಿಟ್ಟು ಬಂದರೂ ನಾನು ಅವಳಿಗೆ 'ಪುಳ್ಳೆ', ಅಂದರೆ ಹುಡುಗಿ. ನನಗೆ ಐವತ್ತು ದಾಟಿದ ಮೇಲೂ ಪುಳ್ಳೆಯೇ.

ತಮಿಳು ಸೀಮೆಯ ತೇನಿಯ ಹತ್ತಿರ ಹನುಮಂತನಪಟ್ಟಿಯಲ್ಲಿ ನಮ್ಮ ಮನೆಯ ಹಿತ್ತಲು ಮುಗಿದಲ್ಲಿಂದಲೇ ದ್ರಾಕ್ಷಿ ಚಪ್ಪರ ಶುರು. ಕೊಯ್ಲಿನ ದಿನ ಹೆಂಗಸರು ಕೊಟ್ಟಿಗೆಯಲ್ಲಿ ಸಾಲಾಗಿ ಕೂತು ಸಣ್ಣ ಕತ್ತರಿಯಿಂದ ಗೊನೆಯೊಳಗಿನ ಒಡೆದ ಹಣ್ಣನ್ನು ಕತ್ತರಿಸಿ ತೆಗೆಯುತ್ತಿದ್ದರು. ಸಾಲಿನ ತುದಿಯಲ್ಲಿ ಅತ್ತೆ. ಕೈ ಒಂದು ಕಡೆ, ಬಾಯಿ ಹತ್ತು ಕಡೆ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕತ್ತರಿ ಕೆಳಗಿಟ್ಟು, ರಾಗಿ ಕಳಿಯ ಮುದ್ದೆಯನ್ನು ಅವರೆಬೇಳೆಯ ಸಾರಿನಲ್ಲಿ ಮುಳುಗಿಸಿ ನುಂಗಲು ಕೂತರೆ, ನೋಡುತ್ತಿದ್ದವರಿಗೂ ಹಸಿವಾಗುತ್ತಿತ್ತು. "ಉಣ್ಣೋಕೆ ನಾಚಿಕೆ ಪಡೋಳು ದುಡಿಯೋಕೂ ನಾಚಿಕೆ ಪಡ್ತಾಳೆ" ಎನ್ನುವುದು ಅವಳ ಮಾತು. ಸೊಸೆಯರನ್ನು ಅವಳು ಅಳೆಯುತ್ತಿದ್ದದ್ದೂ ಆ ಅಳತೆಗೋಲಿನಿಂದಲೇ.

ಅಂಥವಳ ಕರುಳಿನ ಕೊನೆಯಲ್ಲಿ ಗಡ್ಡೆ ಬಂತು. ಮದುರೈಯಲ್ಲಿ ಆಪರೇಷನ್ ಆಯಿತು. ಹುಟ್ಟಿನಿಂದ ಇದ್ದ ದಾರಿಯನ್ನು ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಹೊಲಿದರು. ಕೆಂಪಗೆ, ಒದ್ದೆಯಾಗಿ, ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ಇತ್ತು ಅದು. ಅದರ ಸುತ್ತ ಅಂಟಿಸುವ ಬಿಲ್ಲೆ, ಬಿಲ್ಲೆಯ ಬಳೆಗೆ 'ಟಕ್' ಎಂದು ಕೂರುವ ಚೀಲ. ಮಲವೆಲ್ಲ ಚೀಲಕ್ಕೆ. ಇನ್ನು ಸಾಯುವವರೆಗೂ ಹೀಗೆಯೇ ಎಂದರು ಡಾಕ್ಟರು. ಅತ್ತೆ ತಲೆ ತಗ್ಗಿಸಿ ತನ್ನ ಹೊಟ್ಟೆಯನ್ನು ನೋಡಿಕೊಂಡು, "ಮುಂದಿನ ಬಾಗಿಲು ಹಿಂದಿನ ಬಾಗಿಲು ಎರಡೂ ಒಂದೇ ಕಡೆ ಮಾಡ್ಬಿಟ್ರಾ?" ಎಂದಳು. ಆಗ ನಾವೆಲ್ಲ ನಕ್ಕೆವು. ಅತ್ತೆ ನಗಿಸುತ್ತಿದ್ದಾಳೆ ಎಂದರೆ ಅತ್ತೆ ಗಟ್ಟಿಯಾಗಿದ್ದಾಳೆ ಎಂದು ಲೆಕ್ಕ.

ಆ ಚೀಲವನ್ನು ತೊಳೆಯುವ ಕೆಲಸ ನನ್ನದು. ಅತ್ತೆಗೆ ಬಗ್ಗಲು ಆಗುತ್ತಿರಲಿಲ್ಲ, ಮಗ ಎಷ್ಟೇ ಆದರೂ ಗಂಡಸು. ಹಿತ್ತಲಿನ ನಲ್ಲಿಯ ಕೆಳಗೆ ಕೂತು, ಚೀಲದ ಬಾಯಿಗೆ ನೀರು ಬಿಟ್ಟು, ಕುಲುಕಿ, ಸುರಿದು, ಸೋಪು ಹಾಕಿ, ಮತ್ತೆ ಕುಲುಕಬೇಕು. ದಿನಕ್ಕೆ ಎರಡು ಸಲ, ಕೆಲವು ದಿನ ನಾಲ್ಕು ಸಲ. ಎಷ್ಟು ತೊಳೆದರೂ ಮೂಲೆಯಲ್ಲಿ ಸ್ವಲ್ಪ ಉಳಿಯುತ್ತಿತ್ತು. ವಾಸನೆ ಕೈಯಿಂದ ಹೋಗುತ್ತಿರಲಿಲ್ಲ. ಎರಡು ಮಕ್ಕಳ ಹೇಲು ಉಚ್ಚೆ ಬಳಿದವಳು ನಾನು, ಇದು ಯಾವ ಮಹಾ ಎಂದುಕೊಂಡಿದ್ದೆ. ಆದರೆ ಮಗುವಿನದು ಬೇರೆ, ದೊಡ್ಡವರದು ಬೇರೆ. ಈ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಅದು ಮೂರನೆಯ ತೊಳೆತ. ಹಿಂದಿನ ದಿನ ಅವಳೇ ಆಸೆಪಟ್ಟು ಕೇಳಿದ್ದಕ್ಕೆ ಅವರೆಬೇಳೆ ಸಾರು ಮಾಡಿದ್ದೆ. ಬೆಳಗಿನಿಂದ ಚೀಲ ಗಾಳಿ ತುಂಬಿ ಉಬ್ಬುವುದು, ಮಲ ತುಂಬುವುದು, ಇದೇ ಆಗಿತ್ತು. ಒಲೆಯ ಮೇಲೆ ಅನ್ನ ಸೀದ ವಾಸನೆ ಬಂತು. ಚೀಲದ ಬಾಯಿ ಜಾರಿ ಒಳಗಿನದೆಲ್ಲ ನನ್ನ ಸೀರೆಯ ಮೇಲೆ ಚೆಲ್ಲಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ನಾನು ಕೂಗಿದೆ: "ಎಷ್ಟ್ ಸಲ ತೊಳೀಲಿ? ನೀ ತಿನ್ನೋದೆಲ್ಲ ನನ್ ಕೈ ಮೇಲೇ ಬರ್ತದೆ!"

ತಲೆ ಎತ್ತಿದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆಗೆ ಒಂದು ಟವೆಲ್ ಒತ್ತಿ ಹಿಡಿದುಕೊಂಡಿದ್ದಳು. ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. "ಅನ್ನ ಸೀದೋಗ್ತಾ ಐತೆ ಪುಳ್ಳೆ, ಹೋಗ್ ನೋಡು" ಎಂದಷ್ಟೇ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವಳೂ ಅವಳೇ.

ಮುಂದಿನ ಸಲ ತಪಾಸಣೆಗೆ ಹೋದಾಗ ನಾನು ನರ್ಸಮ್ಮನನ್ನು ಪಕ್ಕಕ್ಕೆ ಕರೆದು, ತೊಳೆಯದೆ ಇರಲು ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಚೀಲದೊಳಗೆ ಹಾಕುವ ಇನ್ನೊಂದು ತೆಳು ಚೀಲ, ಲೈನರ್ ಅಂತ ಹೆಸರು. ಅದರ ಅಂಚನ್ನು ಹೊರಚೀಲದ ಬಳೆಯ ಮೇಲೆ ಮಡಚಿ ಕೂರಿಸಿದರೆ ಎಲ್ಲವೂ ಒಳಚೀಲಕ್ಕೇ ಬೀಳುತ್ತದೆ. ತುಂಬಿದ ಮೇಲೆ ಒಳಗಿನದನ್ನು ಎಳೆದು ಗಂಟು ಹಾಕಿ ಎಸೆಯುವುದು, ಹೊಸದು ಹಾಕುವುದು. ಹೊರಚೀಲಕ್ಕೆ ಏನೂ ತಾಗುವುದಿಲ್ಲ. ತೇನಿಯ ಔಷಧಿ ಅಂಗಡಿಗಳಲ್ಲಿ ಅದರ ಹೆಸರನ್ನೇ ಕೇಳಿರಲಿಲ್ಲ. ನನ್ನ ಗಂಡ ದಿಂಡಿಗಲ್ಲಿನ ಒಂದು ಅಂಗಡಿಯಲ್ಲಿ ಹೇಳಿ ತರಿಸಿದ.

ಡಬ್ಬಿ ಬಂದ ದಿನ ನಾನು ಅದನ್ನು ಅತ್ತೆಯ ಮಡಿಲಲ್ಲಿಟ್ಟೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಾಗದವಳು, ಡಬ್ಬಿ ಕೊಟ್ಟರೆ ಹೇಳಿದ ಹಾಗೆಯೇ ಎಂದುಕೊಂಡೆ. ಹೇಗೆ ಹಾಕುವುದೆಂದು ತೋರಿಸಿದೆ. ಅವಳಿಗೆ ಕೂಡಲೇ ತಿಳಿಯಿತು.

"ದ್ರಾಕ್ಷಿ ಪೆಟ್ಟಿಗೆ ಪೇಪರ್ ಹಾಸ್ತೀವಲ್ಲ, ರಸ ಸುರಿದ್ರೂ ಪೆಟ್ಟಿ ನೆನೀಬಾರ್ದು ಅಂತ. ಅದೇ ತಾನೆ?"

"ಅದೇ ಅತ್ತೆ."

"ಅಂದ್ರೆ ಇದು ಒಳಪಾವಾಡೆ" ಎಂದಳು. ಸೀರೆಯೊಳಗಿನ ಲಂಗಕ್ಕೆ ನಾವು ಹೇಳುವ ಹೆಸರು ಅದು. ಆ ದಿನದಿಂದ ನಮ್ಮ ಮನೆಯಲ್ಲಿ ಲೈನರಿಗೆ ಅದೇ ಹೆಸರಾಯಿತು. "ಇನ್ಮೇಲೆ ಬೇಕಾದ್ದ್ ಉಣ್ಣು ಅತ್ತೆ. ಯಾರೂ ತೊಳೆಯೋದೇ ಬ್ಯಾಡ" ಎಂದೆ. "ಹೂಂ, ನೀ ಇನ್ ಮುಟ್ಟೋದೇ ಬ್ಯಾಡ" ಎಂದಳು ಅತ್ತೆ. ನನ್ನ ಮಾತನ್ನೇ ತಿರುಗಿ ಹೇಳಿದಳು ಎಂದುಕೊಂಡೆ. ನಾನು ಹೇಳಿದ್ದು ಬೇರೆ, ಅವಳಿಗೆ ಕೇಳಿಸಿದ್ದು ಬೇರೆ ಎಂದು ಆಗ ಹೊಳೆಯಲಿಲ್ಲ.

ಅಲ್ಲಿಂದ ಎಲ್ಲವನ್ನೂ ಅವಳೇ ಮಾಡಿಕೊಳ್ಳತೊಡಗಿದಳು. ಡಬ್ಬಿಯನ್ನು ತನ್ನ ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಬಾಗಿಲು ಹಾಕಿಕೊಂಡು ಬದಲಾಯಿಸುವಳು. ಗಂಟು ಹಾಕಿದ್ದನ್ನು ಪೇಪರಿನಲ್ಲಿ ಸುತ್ತಿ ಪಂಚಾಯತಿಯ ಕಸದ ಗಾಡಿಯವಳಿಗೆ ಕೊಡೋಣ ಎಂದರೆ ಒಪ್ಪಲಿಲ್ಲ. "ಅವಳೂ ಒಬ್ಳು ಹೆತ್ತ ಮಗಳು. ನನ್ ಅಸಿಂಗ, ನನ್ ಹೊಲಸು, ಅವಳ್ಯಾಕೆ ಹೊರ್ಬೇಕು?" ಎಂದಳು. ನನ್ನ ಗಂಡ ಬಾಳೆಯ ಸಾಲಿನ ಹಿಂದೆ ಒಂದು ಗುಂಡಿ ತೋಡಿಕೊಟ್ಟ. ಬೆಳಿಗ್ಗೆ ಅತ್ತೆ ಕೈಯಲ್ಲಿ ಪೇಪರಿನ ಪೊಟ್ಟಣ ಹಿಡಿದು ಅತ್ತ ಹೋಗುವುದನ್ನು ನೋಡುತ್ತಿದ್ದೆ. ನನಗೆ ಹಗುರವಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಕೈ ಮತ್ತೆ ನನ್ನದಾಯಿತು ಎನ್ನಿಸಿತು. ಹೂವು ಕಟ್ಟುವಾಗ ಮಲ್ಲಿಗೆಯ ವಾಸನೆ ಮಲ್ಲಿಗೆಯದೇ ಆಗಿ ಬರುತ್ತಿತ್ತು.

ಊಟವನ್ನು ಮಾತ್ರ ತನ್ನ ಕೋಣೆಗೆ ತಗೊಂಡು ಹೋಗುವುದಕ್ಕೆ ಶುರುಮಾಡಿದಳು. ಉಣ್ಣುವಾಗಲೇ ಹೊಟ್ಟೆ ಸದ್ದು ಮಾಡುತ್ತದೆ, ನಿಮ್ಮ ಎದುರಿಗೆ ಚೆನ್ನಾಗಿರುವುದಿಲ್ಲ ಎಂದಳು. ಸರಿ ಎನ್ನಿಸಿತು. ಬೆಳಿಗ್ಗೆ ನನ್ನ ಎದುರೇ ಅರ್ಧ ಲೋಟ ಗಂಜಿ ಕುಡಿಯುವಳು. ಒಂದು ಗಂಟೆಗೆ ನಾನು ತಟ್ಟೆಗೆ ಬಡಿಸಿ ಬಾಗಿಲಲ್ಲಿ ಕೊಡುವೆ. ಅವಳ ಕೋಣೆಯ ಹಿಂದಿನ ಕಿಟಕಿ ಕೋಳಿಗೂಡಿನ ಕಡೆಗೆ ತೆರೆದಿತ್ತು. ಅರ್ಧ ಗಂಟೆಗೆ ತಟ್ಟೆ ತೊಳೆದು ಹೊರಗೆ ಬರುತ್ತಿತ್ತು. ಬೇಡ ಎಂದದ್ದೇ ಇಲ್ಲ. "ಇನ್ನೊಂಚೂರು ಹಾಕು" ಎಂದು ಕೇಳಿದ ದಿನವೂ ಉಂಟು. ಅಂದು ನಾನು ಖುಷಿಯಿಂದ ಎರಡು ಸೌಟು ಹೆಚ್ಚು ಬಡಿಸಿದೆ.

ಒಂದು ದಿನ ಚಪ್ಪರದ ತಂತಿಯ ಮೇಲೆ ಚೀಲದ ಒಳಪಾವಾಡೆಗಳು ಒಣಗುತ್ತಿದ್ದವು. ನಾಲ್ಕು ಇದ್ದವು. ತೊಳೆದು, ಬಟ್ಟೆ ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದ್ದಳು.

"ಏನತ್ತೆ ಇದು! ಒಂದ್ ಸಲ ಹಾಕಿ ಎಸೆಯೋದಲ್ವಾ?"

"ಎಸೆಯೋಕೆ ಮನಸ್ ಬರ್ಲಿಲ್ಲ ಪುಳ್ಳೆ. ಗಟ್ಟಿಯಾಗೇ ಐತೆ. ಒಳ್ಗೆ ಏನೂ ಜಾಸ್ತಿ ಇರ್ಲಿಲ್ಲ."

ನಮ್ಮದು ಹಾಲಿನ ಕವರನ್ನೂ ತೊಳೆದು ಒಣಗಿಸುವ ಮನೆ. ಅವಳ ಜಿಪುಣತನ ಊರಿಗೇ ಗೊತ್ತು. ನಾನು ನಕ್ಕೆ. ಪೆರಿಯಕುಳಂನಲ್ಲಿರುವ ತಂಗಿಗೆ ಫೋನು ಮಾಡಿ, "ನಮ್ಮತ್ತೆ ಹೇಲಿನ ಚೀಲವನ್ನೂ ಎರಡನೇ ಪಂಕ್ತಿಗೆ ಕೂರಿಸ್ತಾಳೆ" ಎಂದು ಹೇಳಿ ಅವಳನ್ನೂ ನಗಿಸಿದೆ. ಒಳಗೆ ಏನೂ ಜಾಸ್ತಿ ಇರಲಿಲ್ಲ ಎಂದಳಲ್ಲ, ಆ ಮಾತಿಗೆ ನನ್ನ ಕಿವಿ ಯಾಕೆ ಮುಚ್ಚಿತ್ತೋ. ಡಬ್ಬಿ ಮುಗಿಯಿತೇ, ಇನ್ನೊಂದು ತರಿಸಲೇ ಎಂದು ಕೇಳಿದಾಗಲೆಲ್ಲ "ಇನ್ನೂ ಐತೆ" ಎನ್ನುವಳು. ತೊಳೆದು ತೊಳೆದು ಬಾಳಿಸುತ್ತಿದ್ದಾಳೆ ಎಂದುಕೊಂಡು ಸುಮ್ಮನಾದೆ.

ಅವಳ ರವಿಕೆಗಳು ಸಡಿಲವಾದವು. ಅವಳೇ ಕೂತು ಒಳಗಿನಿಂದ ಹೊಲಿಗೆ ಹಿಡಿದುಕೊಂಡಳು. ಬಳೆ ಮೊಣಕೈವರೆಗೆ ಏರಿ ಇಳಿಯುತ್ತಿತ್ತು. ಗಡ್ಡೆ ಮತ್ತೆ ಬಂದಿದೆ ಎಂದು ಹೆದರಿ ತೇನಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಏನೂ ಇಲ್ಲ, ಶುದ್ಧವಾಗಿದೆ ಎಂದರು ಡಾಕ್ಟರು. ಆಮೇಲೆ ಅವಳನ್ನು ಬಿಟ್ಟು ನನ್ನನ್ನು ಕೇಳಿದರು, "ನಲ್ಲಾ ಸಾಪ್ಪಿಡುರಾಂಗಳಾ?" ಚೆನ್ನಾಗಿ ಊಟ ಮಾಡುತ್ತಾರೆ, ನಾನೇ ಬಡಿಸುತ್ತೇನೆ ಎಂದು ನಾನೂ ತಮಿಳಿನಲ್ಲೇ ಗಟ್ಟಿಯಾಗಿ ಹೇಳಿದೆ. ಅತ್ತೆ ನೆಲ ನೋಡುತ್ತಿದ್ದಳು. ವಾಪಸ್ ಬರುವ ಬಸ್ಸಿನಲ್ಲಿ, "ಡಾಕ್ಟರ್ ಹತ್ರ ನನ್ ಮಾನ ಕಾಪಾಡ್ದೆ ಪುಳ್ಳೆ" ಎಂದಳು. ಚೀಲ ಒಣಗಿಸುವುದನ್ನು ಬಾಯಿಬಿಡಲಿಲ್ಲವಲ್ಲ, ಅದಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಮಾರ್ಗಳಿ ತಿಂಗಳ ಚಳಿಗಾಳಿಗೆ ಕೆಮ್ಮು ಹಿಡಿಯಿತು. ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಹೋಗಿಬಿಟ್ಟಳು. ಎದೆಯ ಸೋಂಕು ಅಂಥ ದೊಡ್ಡದಲ್ಲ, ದೇಹದಲ್ಲಿ ತಡೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ ಎಂದರು. ಕೊನೆಯಲ್ಲಿ ಅವಳ ಮೈ ಒರೆಸುವಾಗ ಚೀಲ ತೆಗೆದೆ. ಅದು ಖಾಲಿ ಇತ್ತು. ಆಸ್ಪತ್ರೆಯಲ್ಲಿ ಊಟ ಎಲ್ಲಿ, ಹಾಗಾಗಿ ಖಾಲಿ ಎಂದುಕೊಂಡೆ.

ಕಾರ್ಯಕ್ಕೆ ಬಂದಿದ್ದ ನೆಂಟರು ಹೊರಟುಹೋದ ಮರುದಿನ ಮಧ್ಯಾಹ್ನ ಅವಳ ಕೋಣೆ ಗುಡಿಸುತ್ತಿದ್ದೆ. ಹೊರಗೆ ಕೋಳಿಗಳ ಸದ್ದು. ಕಿಟಕಿ ತೆರೆದು ನೋಡಿದೆ. ಮನೆಯ ಕೋಳಿಗಳೆಲ್ಲ ಕಿಟಕಿಯ ಕೆಳಗೆ ಬಂದು ಒತ್ತಾಗಿ ನಿಂತಿದ್ದವು. ಕತ್ತು ಎತ್ತಿ ನನ್ನ ಕೈಯನ್ನೇ ನೋಡುತ್ತಿದ್ದವು. ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಕಿಟಕಿಯ ಕೆಳಗಿನ ಗೋಡೆಯ ಮೇಲೆ ಸಾರು ಇಳಿದು ಒಣಗಿದ ಕಲೆ ನೆಲದವರೆಗೂ ಇತ್ತು. ಅವರೆಬೇಳೆಯ ಸಾರು ಯಾವುದು, ಹುಣಸೆಯ ಸಾರು ಯಾವುದು ಎಂದು ನನಗೆ ಗುರುತು ಸಿಕ್ಕಿತು. ಮಾಡಿದವಳು ನಾನೇ ಅಲ್ಲವೇ.

ತಗಡಿನ ಪೆಟ್ಟಿಗೆ ತೆರೆದೆ. ಲೈನರಿನ ಡಬ್ಬಿ ಮುಕ್ಕಾಲು ತುಂಬಿತ್ತು. ಹೊಸವು ಬಂದ ಹಾಗೆಯೇ ಒಂದರ ಮೇಲೊಂದು ಮಡಚಿಕೊಂಡಿದ್ದವು. ಪಕ್ಕದಲ್ಲಿ ತೊಳೆದು ಒಣಗಿಸಿದವು, ಹೂವಿನ ನಾರಿನಲ್ಲಿ ಕಟ್ಟಿಟ್ಟ ಒಂದು ಸಣ್ಣ ಕಂತೆ. ಎಷ್ಟೋ ದಿನ ಪೇಪರಿನಲ್ಲಿ ಏನೂ ಸುತ್ತದೆ ಬರಿ ಪೊಟ್ಟಣವನ್ನು ಹಿಡಿದುಕೊಂಡು ಗುಂಡಿಯ ಕಡೆಗೆ ನಡೆದಿದ್ದಾಳೆ, ನಾನು ನೋಡಲಿ ಎಂದು. ಉಳಿದ ಚೀಲಗಳನ್ನು ಎಣಿಸಲು ಶುರುಮಾಡಿದೆ. ಒಂದೊಂದೂ ಅವಳು ಉಣ್ಣದೆ ಬಿಟ್ಟ ಊಟ. ಎಣಿಸುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ನನ್ನ ಗಂಡ ಬಂದು ನೋಡಿ, "ನೀ ಏನ್ ಮಾಡ್ತೀಯ, ನಮ್ಮವ್ವಂಗೆ ರೋಗದಲ್ಲಿ ಊಟಾನೇ ಸೇರ್ತಿರ್ಲಿಲ್ಲ, ಪಾವಂ" ಎಂದು ಮರುಗಿದ. ನಾನು ಹೂಂ ಎಂದೆ. ಆ ಮಧ್ಯಾಹ್ನ ನಲ್ಲಿಯ ಕೆಳಗೆ ಕೂತು ನಾನು ಏನು ಕೂಗಿದೆ ಎಂದು ಅವನಿಗೆ ಗೊತ್ತಿಲ್ಲ. ಕೇಳಿಸಿಕೊಂಡವಳು ಒಬ್ಬಳೇ, ಅವಳು ಯಾರಿಗೂ ಹೇಳಲಿಲ್ಲ. ಮನೆಮಾತು ಕನ್ನಡವಾದರೂ ಅವನು ಓದುವುದು ತಮಿಳು ಮಾತ್ರ, ಹಾಗಾಗಿ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಡಬ್ಬಿಯನ್ನು ನರ್ಸಮ್ಮನಿಗೆ ಕೊಟ್ಟುಬಂದೆ, ಬೇರೆ ಯಾರಿಗಾದರೂ ಆದೀತು ಎಂದು. ಇಷ್ಟೊಂದು ಉಳಿದಿದೆಯಲ್ಲಾ ಎಂದು ಅವಳು ಕೇಳಿದಳು. ತೊಳೆದ ಕಂತೆ ನನ್ನ ಬಳಿಯೇ ಇದೆ.

ಕೋಳಿಗಳು ಈಗಲೂ ಒಂದು ಗಂಟೆಗೆ ಬಂದು ನಿಲ್ಲುತ್ತವೆ. ಮೊದಲು ಕೋಲು ಹಿಡಿದು ಓಡಿಸುತ್ತಿದ್ದೆ. ಆಮೇಲೆ ಆಗಲಿಲ್ಲ. ಒಂದು ತಟ್ಟೆಗೆ ಬಡಿಸಿ ಆ ಕಿಟಕಿಯಿಂದಲೇ ಹಾಕುತ್ತೇನೆ, ಅತ್ತೆಗೆ ಬಡಿಸುತ್ತಿದ್ದಷ್ಟೇ.