ಹಾಡಿಗೆ ಮುಂಚಿನ ಕೆಮ್ಮು

“ಅದನ್ನ ಕಟ್ ಮಾಡಬ್ಯಾಡಪ್ಪ, ಅದೊಂದ ನಮ್ಮ ರುದ್ರಂದು ಅಂತ ಗುರ್ತ ಸಿಗೋದು,” ಎಂದು ಗೆಳೆಯನ ತಾಯಿ ನನ್ನ ಕೈ ಹಿಡಿದುಬಿಟ್ಟರು.

ರುದ್ರ ನಮ್ಮ ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಬ್ಯಾಂಡಿನ ಗಾಯಕ. ಅವನು ತೀರಿಹೋದ ಮೇಲೆ ಚಿತ್ತವಾಡ್ಗಿಯ ಅವನ ಮನೆಯಲ್ಲಿ ಕುಳಿತು, ರೆಕಾರ್ಡ್ ಮಾಡಿದ ನಮ್ಮ ಹಾಡುಗಳನ್ನೆಲ್ಲ ಪಟ್ಟಿ ಮಾಡಿ, ಬೇಡದ ಸದ್ದುಗಳನ್ನು ತೆಗೆಯುತ್ತಿದ್ದೆ. ಹಾಡಿನಲ್ಲಿ ಅವನದು ಬರೀ ಘರ್ಜನೆ. ಹೆತ್ತವಳಿಗೂ ಗುರುತು ಹತ್ತುತ್ತಿರಲಿಲ್ಲ. ಆದರೆ ಪ್ರತಿ ಹಾಡಿಗೂ ಮುಂಚೆ ಅವನು ಕೆಮ್ಮುತ್ತಿದ್ದ, ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತ ನಾನು ನೀರಿನ ಬಾಟಲಿ ಚಾಚುತ್ತಿದ್ದೆ. ಆ ಕೆಮ್ಮನ್ನೇ ಕಸವೆಂದು ತೆಗೆಯಲು ಹೊರಟಿದ್ದೆ.

“ಆತು ಬಿಡವ್ವ, ಹಂಗ ಇಡ್ತೀನಿ,” ಎಂದೆ.

ಉಳಿದ ಹಾಡುಗಳನ್ನು ನನ್ನ ಕೋಣೆಯಲ್ಲಿ ಒಬ್ಬನೇ ಕೇಳುತ್ತ ಕುಳಿತೆ. ಕೆಮ್ಮು ಕೇಳಿದ್ದೇ ತಡ, ರೂಢಿಯಂತೆ ಬಾಟಲಿಯನ್ನು ಪಕ್ಕಕ್ಕೆ ಚಾಚಿದೆ. ಹಾಡು ಶುರುವಾಯಿತು. ಬಾಟಲಿ ನನ್ನ ಕೈಯಲ್ಲೇ ಇತ್ತು.