ಅಪ್ಪಯ್ಯನ ಕನ್ನಡ ಸಹಿ

ಮರಾಠಿಯಲ್ಲಿ ಬರೆದ ನಾಲ್ಕು ಪುಟಗಳ ಕೊನೆಯಲ್ಲಿ ಒಂದೇ ಒಂದು ಕನ್ನಡ ಸಹಿ ಇತ್ತು. ಮೊದಲ ಅಕ್ಷರ ದೊಡ್ಡದು. ಕೊನೆಯ ಅಕ್ಷರದ ಬಾಲ ಎಡಕ್ಕೆ ತಿರುಗಿ ಇಡೀ ಹೆಸರಿನ ಅಡಿಗೆ ಗೆರೆ ಎಳೆದಿತ್ತು. ಒಂದನೇ ಕ್ಲಾಸಿನಿಂದ ನನ್ನ ಪ್ರಗತಿಪತ್ರಗಳ ಮೇಲೆ ನೋಡುತ್ತ ಬಂದ ಸಹಿ. ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು ಕನ್ನಡ ಅಕ್ಷರಗಳನ್ನು ಮೊದಲು ಬಿಡಿಸಿ ಓದಿದ್ದೇ ಅದರಲ್ಲಿ.

ಆಗ ನಾನು ಖಾರಘರದ ಒಂದು ಕಾನೂನು ಕಾಲೇಜಿನಲ್ಲಿ ನಾಲ್ಕನೇ ವರ್ಷದಲ್ಲಿದ್ದೆ. ಬಡ ಆರೋಪಿಗಳ ಪರವಾಗಿ ಪುಕ್ಕಟೆ ವಾದಿಸುವ ಮರಾಠಿ ವಕೀಲೆಯೊಬ್ಬರ ಕೈಕೆಳಗೆ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಫೈಲು ಓದಿ ಸಾರಾಂಶ ಬರೆಯುವುದು ನನ್ನ ಕೆಲಸ. ಈ ಫೈಲಿಗೆ ಅರ್ಧ ಪುಟವೂ ಬೇಕಿರಲಿಲ್ಲ. ಆರೋಪಿ ಯಾದಗಿರಿ ಕಡೆಯವನು, ತುರ್ಭೆಯ ಗೋದಾಮುಗಳಲ್ಲಿ ಲಾರಿಗೆ ಮಾಲು ಹೇರುವ ಕೂಲಿ. ಸೆಂಟ್ರಲ್ ರೈಲ್ವೆ ಲೈನಿನ ಒಂದು ಮಾರುಕಟ್ಟೆಯ ಜಂಗುಳಿಯಲ್ಲಿ ಯಾರದೋ ಮೊಬೈಲ್ ಕದ್ದನೆಂದು ಹಿಡಿದಿದ್ದರು. ಜಾಮೀನು ನಿಲ್ಲುವವರಿಲ್ಲದೆ ಎಂಟು ತಿಂಗಳಿಂದ ಜೈಲಿನಲ್ಲಿದ್ದ. ಅವನ ಜೇಬಿನಿಂದ ಮೊಬೈಲ್ ತೆಗೆದದ್ದನ್ನು ಇಬ್ಬರು ಪಂಚರು ಕಣ್ಣಾರೆ ಕಂಡಿದ್ದಾರೆ ಎಂದು ಪಂಚನಾಮೆ ಹೇಳುತ್ತಿತ್ತು. ಒಬ್ಬ ಪಂಚ ಎಲ್ಲಿಗೋ ಹೋಗಿ ಪತ್ತೆಯಿರಲಿಲ್ಲ. ಇನ್ನೊಬ್ಬರು ನನ್ನ ಅಪ್ಪಯ್ಯ.

ಅಪ್ಪಯ್ಯ ಕುಂದಾಪುರದ ಕಡೆಯವರು. ಇಪ್ಪತ್ತೆರಡು ವರ್ಷ ಆ ಮಾರುಕಟ್ಟೆಯ ಪಕ್ಕದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಹೋಟೆಲಿನ ಎದುರಿಗೇ ಪೊಲೀಸ್ ಸ್ಟೇಷನ್ನು. ಜಪ್ತಿಗೆ ಸಾಕ್ಷಿಯಾಗಿ ಇಬ್ಬರು ಮರ್ಯಾದಸ್ಥರು ಬೇಕು ಎನ್ನುತ್ತದೆ ಕಾನೂನು. ಮರ್ಯಾದಸ್ಥರನ್ನು ಹುಡುಕುತ್ತ ಊರೆಲ್ಲ ಯಾಕೆ ಅಲೆಯಬೇಕು? ರಸ್ತೆ ದಾಟಿದರೆ ಒಬ್ಬರು ಬೆಳಿಗ್ಗೆಯಿಂದ ಕೂತೇ ಇರುತ್ತಾರೆ. ಹವಾಲ್ದಾರ ಕಾಗದ ತಂದು "ಅಣ್ಣಾ, ಸಹೀ" ಎನ್ನುತ್ತಿದ್ದ. ಅಪ್ಪಯ್ಯ ಎಡಗೈಯಲ್ಲಿ ಪಾರ್ಸೆಲ್ ಚೀಟಿ ಹಿಡಿದುಕೊಂಡೇ ಬಲಗೈಯಲ್ಲಿ ಸಹಿ ಹಾಕುತ್ತಿದ್ದರು. ನಾನು ಮೂಲೆಯ ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತ ನೋಡುತ್ತಿದ್ದೆ. ಪೊಲೀಸರೇ ಬಂದು ಸಹಿ ಕೇಳುವಷ್ಟು ದೊಡ್ಡ ಮನುಷ್ಯ ನನ್ನ ಅಪ್ಪಯ್ಯ ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೂ ಉಂಟು.

ಹನ್ನೆರಡನೇ ಕ್ಲಾಸಾದ ಮೇಲೆ ಕ್ರಿಮಿನಲ್ ಕಾನೂನು ಓದುತ್ತೇನೆ ಎಂದಾಗ ಸೋದರತ್ತೆ ಮೂಗು ಮುರಿದಿದ್ದರು. "ಹೆಣ್ಮಕ್ಕಳಿಗೆ ಬ್ಯಾಂಕ್ ಪರೀಕ್ಷೆ ಇಲ್ಯಾ? ಕಳ್ಳರ ಒಟ್ಟಿಗೆ ಎಂತ ಕೆಲ್ಸ?" ನನ್ನ ಪರವಾಗಿ ನಿಂತವರು ಅಪ್ಪಯ್ಯ ಒಬ್ಬರೇ. "ಓದ್ಲಿ. ಸ್ಟೇಷನ್ನಿನವ್ರೆಲ್ಲ ನಂಗ್ ಗುರ್ತಿತ್ತ್," ಎಂದರು. ನನ್ನ ಕಾಲೇಜು ದೂರವೆಂದು ಅವರು ಒಂದು ದಿನವೂ ತಕರಾರು ಎತ್ತಲಿಲ್ಲ. ನಮ್ಮ ಮನೆಯಿರುವ ಟಿಟ್ವಾಳಾದಿಂದ ಲೋಕಲ್ ಗಾಡಿಯಲ್ಲಿ ಥಾಣೆ, ಥಾಣೆಯಿಂದ ತುರ್ಭೆ ದಾಟಿ ಖಾರಘರ. ನಾನು ಏಳುವ ಮೊದಲೇ ಎದ್ದು ನೀರು ಕಾಯಿಸಿ ಇಡುತ್ತಿದ್ದರು.

ಮೂರನೇ ವರ್ಷ ಚರ್ಚಾಸ್ಪರ್ಧೆಯಲ್ಲಿ ನನಗೆ ಕಪ್ ಬಂತು. ಕಾಣದೇ ಸಹಿ ಹಾಕುವ ಕಾಯಂ ಪಂಚರೇ ವಿಷಯ. "ಬೆನ್ನುಮೂಳೆ ಇಲ್ಲದ ಈ ಸಭ್ಯ ಗೃಹಸ್ಥರು ಪೊಲೀಸರಿಗಿಂತ ಅಪಾಯಕಾರಿ," ಎಂದು ನಾನು ಹೇಳಿದಾಗ ಸಭಾಂಗಣ ಚಪ್ಪಾಳೆ ತಟ್ಟಿತ್ತು. ಅಪ್ಪಯ್ಯ ಆ ಕಪ್ಪನ್ನು ಒಯ್ದು ಗಲ್ಲಾದ ಹಿಂದೆ ಗಣಪತಿಯ ಪಟದ ಪಕ್ಕ ಇಟ್ಟುಕೊಂಡರು. ಯಾವ ವಿಷಯಕ್ಕೆ ಬಂದ ಕಪ್ಪೆಂದು ಅವರು ಕೇಳಿರಲಿಲ್ಲ. ಕೇಳಿದ್ದರೂ, ಅದನ್ನು ಅವರ ಗಲ್ಲಾಕ್ಕೆ ಜೋಡಿಸಿ ನೋಡುವಷ್ಟು ಬುದ್ಧಿ ನನಗೇ ಆಗ ಇರಲಿಲ್ಲ.

ಸಹಿ ಯಾರದೆಂದು ವಕೀಲೆಗೆ ಅಂದೇ ಹೇಳಿದೆ. ಅವರು ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡರು. "ಇದನ್ನು ಇನ್ನು ಮುಟ್ಟಬೇಡ. ಮನೆಯಲ್ಲಿ ಏನೂ ಹೇಳಿಕೊಡಬೇಡ. ಸಮನ್ಸ್ ಬರುತ್ತದೆ. ಕಂಡಿದ್ದನ್ನು ಅವರೇ ಹೇಳಲಿ, ಸಾಕು."

ನಾನು ಹೇಳಿಕೊಡಲಿಲ್ಲ, ಕೇಳಿದೆ ಅಷ್ಟೇ. ನನಗೆ ನಾನೇ ಕೊಟ್ಟುಕೊಂಡ ಸಮಜಾಯಿಷಿ ಅದು. ಪ್ರಶ್ನೆ ಕೇಳುವುದು ಹೇಳಿಕೊಡುವುದರ ಅತಿ ಹಳೆಯ ರೀತಿ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಅಪ್ಪಯ್ಯನ ವಾರದ ರಜೆಯ ದಿನ, ಮಧ್ಯಾಹ್ನದ ಊಟಕ್ಕೆ ಕೂತಾಗ ಶುರು ಮಾಡಿದೆ.

"ಆ ಯಾದಗಿರಿಯವನ ಜೇಬಿಂದ ಮೊಬೈಲ್ ತೆಗೆದದ್ದು ನೀವು ನೋಡಿದ್ರಾ?"

"ಅವ್ರ್ ಕೇಂಡ್ರ್, ನಾ ಹಾಕ್ದೆ. ಇಷ್ಟ್ ವರ್ಷ ಹಾಕ್ಲಿಲ್ಯಾ?"

"ಅದಲ್ಲ ಪ್ರಶ್ನೆ. ನೋಡಿದ್ರಾ, ಇಲ್ವಾ?"

"ಪೊಲೀಸ್ರ್ ಸುಳ್ಳ್ ಬರಿತ್ರಾ? ಇಲ್ಲೆ ಅಂದ್ರೆ ನಾಳೆ ಹೋಟ್ಲ್ ನಡುದ್ ಹ್ಯಾಂಗೆ? ಎದ್ರ್ ಬದಿಯವ್ರ್ ಅವ್ರ್."

"ಹೌದು ಅಥವಾ ಇಲ್ಲ, ಅಪ್ಪಯ್ಯ."

"ಉಂಬು ಹೊತ್ತಿಗೆ ಅಪ್ಪಯ್ಯನ್ನ ಕಟಕಟೆ ಹತ್ತಿಸ್ತ್ಯಾ ಮಾರಾಯ್ತಿ?" ಅಮ್ಮ ಸಾರಿನ ಸೌಟು ಹಿಡಿದೇ ಗದರಿದಳು.

ಅಪ್ಪಯ್ಯ ತಟ್ಟೆಯ ಅನ್ನದಲ್ಲಿ ಗುಳಿ ಮಾಡಿ ಹಾಗೇ ಬಿಟ್ಟರು. "ಇಲ್ಲೆ," ಎಂದರು. "ನಾ ಕಾಣ್ಲಿಲ್ಲೆ."

ಎದುರಾಳಿ ಒಪ್ಪಿಕೊಂಡರೆ ಗೆದ್ದಂತೆ ಎಂದು ನಮಗೆ ಕಲಿಸಿದ್ದರು. ನಾನು ಗೆದ್ದೆ. ಸಾರು ಬಡಿಸಿಕೊಂಡು ಉಂಡೆ ಕೂಡ.

ಒಂದು ಮಾತು ಇಲ್ಲಿ ಹೇಳಬೇಕು. ಆ ಮನುಷ್ಯ ಕದ್ದಿರಲಿಲ್ಲ ಎಂದು ನಾನು ಆಗಲೂ ವಾದಿಸಲಿಲ್ಲ, ಈಗಲೂ ವಾದಿಸುವುದಿಲ್ಲ. ನನಗೆ ಗೊತ್ತಿಲ್ಲ. ಅಪ್ಪಯ್ಯನಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆದುಕೊಟ್ಟದ್ದಷ್ಟೇ ನನ್ನ ತಕರಾರು.

ಸಮನ್ಸ್ ಬಂದಾಗ ಅಪ್ಪಯ್ಯ ತಾವಾಗಿಯೇ ಹೋಟೆಲಿನ ಧಣಿಗೆ ಹೇಳಿದರು: ಕೋರ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. "ನಿಮ್ಮ ಮಗ್ಳು ಕಲ್ತದ್ದು ನಮ್ಮ ಹೋಟ್ಲಿಗೆ ಬೀಗ ಹಾಕ್ಲಿಕ್ಕಾ?" ಎಂದರಂತೆ ಧಣಿ. ಮರುದಿನದಿಂದ ಗಲ್ಲಾದಲ್ಲಿ ಧಣಿಯ ಭಾವಮೈದುನ ಕೂತ. ಅಪ್ಪಯ್ಯನಿಗೆ ಹಿಂದಿನ ಉಗ್ರಾಣ, ಬಟಾಟೆ ಚೀಲ, ತೆಂಗಿನಕಾಯಿ. ಮನೆಗೆ ಬಂದು ಇದನ್ನು ಹೇಳಿದ ಅಪ್ಪಯ್ಯನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ನನ್ನ ಕಪ್ ಇತ್ತು.

ಕೋರ್ಟಿನ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ದಾರಿಯಲ್ಲಿ ಹೋಟೆಲಿಗೆ ಹೋಗಿ ಇಡ್ಲಿ ಪಾರ್ಸೆಲ್ ಕಟ್ಟಿಸಿಕೊಂಡು ಬಂದರು. ಕೋರ್ಟಿನ ಪಡಸಾಲೆಯ ಬೆಂಚಿನಲ್ಲಿ ಆರೋಪಿ ಕೂತಿದ್ದ, ಪಕ್ಕದಲ್ಲಿ ಅವನ ಕೈಹಿಡಿದ ಕಾನ್‌ಸ್ಟೇಬಲ್. ಇವನೇ ಎಂದು ನಾನು ಹೇಳಿ, ತಡೆಯುವ ಮೊದಲೇ ಅಪ್ಪಯ್ಯ ಎದುರಿಗೆ ಹೋಗಿ ನಿಂತಿದ್ದರು. ಈ ಕಡೆ ನೆಲೆಸಿದ ನಮ್ಮ ಕನ್ನಡ ಜನ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಊರು ಯಾವ್ದಪ್ಪ?"

"ಯಾದಗಿರಿ ಕಡೇರಿ. ನೀವು ಕನ್ನಡದವ್ರೇನ್ರೀ ಯಜಮಾನ್ರ?" ಅವನ ಮುಖ ಅರಳಿತು. ಯಾರೋ ಊರಿನವರು ತನ್ನನ್ನು ಹುಡುಕಿಕೊಂಡು ಬಂದಿದ್ದಾರೆ ಎಂದುಕೊಂಡಿರಬೇಕು. ಅಪ್ಪಯ್ಯ ಪಾರ್ಸೆಲ್ ಬಿಚ್ಚಿ ಕೊಟ್ಟರು. ಕಾನ್‌ಸ್ಟೇಬಲ್ ಅದನ್ನೊಮ್ಮೆ ನೋಡಿ, ಬೇಗ ತಿನ್ನು ಎಂದು ಕೈಬಿಟ್ಟ.

ಎರಡನೇ ಇಡ್ಲಿಯ ಹೊತ್ತಿಗೆ ಅಪ್ಪಯ್ಯ ಹೇಳಿದರು. "ಆ ಕಾಗದಕ್ಕೆ ಸಹಿ ಹಾಕಿದ್ದು ನಾನು. ಕಾಣದೇ ಹಾಕಿದ್ದು. ಇವತ್ತು ಹಾಗೇ ಹೇಳ್ತೇನೆ."

ಅವನು ಅಗಿಯುವುದನ್ನು ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದೂ ಅನ್ನಿಸಿತು.

"ಇರ್ಲಿ ಬಿಡ್ರಿ ಯಜಮಾನ್ರ. ನೀವು ಹಾಕಲಿಲ್ಲಂದ್ರ ಮತ್ತೊಬ್ರು ಹಾಕ್ತಿದ್ರು." ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಇವ್ರು ಹಂಗ ಹೇಳಿದ್ರ ನನ್ನ ಇವತ್ತ ಬಿಡ್ತಾರೇನು ತಂಗಿ?"

"ಇವತ್ತಲ್ಲ. ಇನ್ನೂ ಸಾಕ್ಷಿಗಳಿದ್ದಾರೆ. ಮುಂದಿನ ತಾರೀಕು..."

"ತಪ್ಪು ಕಬೂಲ್ ಅಂದ್ರ ಇವತ್ತೇ ಬಿಡ್ತಾರಂತ. ಪೊಲೀಸ್ ವ್ಯಾನಿನ್ಯಾಗ ಹೇಳಿದ್ರು."

"ಕಬೂಲ್ ಅಂದರೆ ಕಳ್ಳ ಅಂತ ಆಗುತ್ತೆ. ಜೀವನಪೂರ್ತಿ ದಾಖಲೆಯಲ್ಲಿ ಇರುತ್ತೆ. ನಾಳೆ ಎಲ್ಲೂ ಕೆಲಸ ಕೊಡೋದಿಲ್ಲ." ನನ್ನ ದನಿ ಏರಿತ್ತು. ನನ್ನ ಪ್ರತಿಯೊಂದು ಮಾತೂ ಸರಿಯಾಗಿತ್ತು.

"ನಾ ಒಳಗ ಹೋದಾಗ ನನ್ ಮಗಳು ಕುಂದರ್ತಿದ್ದಿಲ್ಲ," ಎಂದ. "ಈಗ ನಡೀತಾಳಂತ."

ವಕೀಲೆ ಬಂದು ಪಕ್ಕದಲ್ಲಿ ಕೂತು ಹಿಂದಿಯಲ್ಲಿ ಎರಡು ಸಲ ತಿಳಿಹೇಳಿದರು. ಪಂಚರೇ ನಿಮ್ಮ ಕಡೆ ಹೇಳುವವರಿದ್ದಾರೆ, ಸ್ವಲ್ಪ ತಾಳಿ ಎಂದರು. ಅವನು ಎರಡು ಸಲವೂ ಹೂಂ ಎಂದು ತಲೆ ಆಡಿಸಿದ. ಒಳಗೆ ಹೋದ ಮೇಲೆ ಕೈಮುಗಿದು ಕಬೂಲ್ ಎಂದ. ಸ್ವಂತ ಇಚ್ಛೆಯಿಂದ ಹೇಳುತ್ತಿದ್ದೀಯಾ ಎಂದು ನ್ಯಾಯಾಧೀಶರು ಕೇಳಿದರು, ಹೌದೆಂದ. ಈಗಾಗಲೇ ಕಳೆದ ದಿನಗಳೇ ಶಿಕ್ಷೆ ಎಂದಾಯಿತು. ಮುಂದಿನ ಪ್ರಕರಣ ಕೂಗಿದರು.

ಅಪ್ಪಯ್ಯ ಹಿಂದಿನ ಬೆಂಚಿನಲ್ಲಿ ಸಮನ್ಸನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಕೂತಿದ್ದರು. ಹೇಳಬೇಕಾದ ಎರಡು ವಾಕ್ಯಗಳನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದರು. ಗಾಡಿಯಲ್ಲಿ ಬರುವಾಗ ಅವರ ತುಟಿ ಅಲ್ಲಾಡುತ್ತಿದ್ದುದನ್ನು ನೋಡಿ, ಏನೋ ಶ್ಲೋಕ ಹೇಳಿಕೊಳ್ಳುತ್ತಿದ್ದಾರೆ ಎಂದು ಒಳಗೇ ನಕ್ಕಿದ್ದೆ. ಗುಮಾಸ್ತ ಬಂದು ಸಮನ್ಸಿನ ಮೇಲೆ ಕಣ್ಣಾಡಿಸಿ, ನಿಮ್ಮ ಕೆಲಸವಿಲ್ಲ, ಹೋಗಬಹುದು ಎಂದ. ಅಪ್ಪಯ್ಯ ಎದ್ದರು, ಮತ್ತೆ ಕೂತರು. "ನಾ ಹೇಳುದ್ ಇತ್ತಲ್ಲ," ಎಂದರು, ಯಾರನ್ನೂ ನೋಡದೆ.

ಕೋರ್ಟಿನ ದಾಖಲೆಯಲ್ಲಿ ಅಪ್ಪಯ್ಯ ಇಂದಿಗೂ ಕಣ್ಣಾರೆ ಕಂಡವರು.

ಆ ಯಾದಗಿರಿಯವನು ಏನಾದನೋ ಗೊತ್ತಿಲ್ಲ. ಅವನು ಕೆಲಸ ಮಾಡುತ್ತಿದ್ದ ಗೋದಾಮಿನ ಗೇಟಿನಲ್ಲಿ ಈಗ ಪೊಲೀಸರ ನಡತೆ ಪತ್ರ ಕೇಳುತ್ತಾರೆ ಎಂದು ವಕೀಲೆ ಒಮ್ಮೆ ಹೇಳಿದರು. ಗಾಡಿ ತುರ್ಭೆಯಲ್ಲಿ ನಿಂತಾಗ ನಾನು ಪ್ಲಾಟ್‌ಫಾರ್ಮಿನ ಕಡೆ ನೋಡುತ್ತೇನೆ. ಕಂಡರೆ ಏನು ಹೇಳುವುದೆಂದು ಇನ್ನೂ ಸಿದ್ಧ ಮಾಡಿಕೊಂಡಿಲ್ಲ. ಅಪ್ಪಯ್ಯನ ಜಾಗ ಈಗಲೂ ಉಗ್ರಾಣವೇ. ಕಾನೂನು ತಪ್ಪೆಂದು ನಾನು ಹೇಳಲಾರೆ, ನನ್ನ ವಾದ ತಪ್ಪೆಂದೂ ಹೇಳಲಾರೆ. ಆದರೆ ನಾನು ಗೆದ್ದ ಆ ಮಧ್ಯಾಹ್ನದಿಂದ ಲಾಭವಾದ ಒಬ್ಬನನ್ನೂ ತೋರಿಸಲಾರೆ.

ಕೊನೆಯ ವರ್ಷದ ಫಾರ್ಮಿಗೆ ಪಾಲಕರ ಸಹಿ ಬೇಕಿತ್ತು. ಗಡಿಬಿಡಿಯಲ್ಲಿದ್ದೆ, ಗಾಡಿಗೆ ಹೊತ್ತಾಗಿತ್ತು. ಪೆನ್ನು ಕೊಟ್ಟು ಜಾಗ ತೋರಿಸಿದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಬೆರಳಿಟ್ಟರು.

"ಇದ್ರಲ್ಲಿ ಎಂತ ಬರ್ದಿತ್ತ್?"

"ಮೇಲೆ ಬರೆದದ್ದೆಲ್ಲ ನಿಜ ಅಂತ, ಅಪ್ಪಯ್ಯ. ಸುಮ್ನೆ ಫಾರ್ಮು."

"ಓದ್. ನಾ ಕೇಂತೆ."

ನಾನು ಆ ಗಾಡಿಯ ಆಸೆ ಬಿಟ್ಟೆ. ಪಕ್ಕದಲ್ಲಿ ಕೂತು ಮೊದಲ ಸಾಲಿನಿಂದ ಓದಿದೆ, ಇಂಗ್ಲಿಷಿನದನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತ. ನನ್ನ ಹುಟ್ಟಿದ ದಿನ, ನಮ್ಮ ಮನೆಯ ವಿಳಾಸ, ತಂದೆಯ ಉದ್ಯೋಗ. ಆ ಜಾಗದಲ್ಲಿ ನಾನು ಹಳೆಯ ಫಾರ್ಮು ನೋಡಿ ಕ್ಯಾಶಿಯರ್ ಎಂದು ತುಂಬಿದ್ದೆ.

ಅಪ್ಪಯ್ಯ ಪೆನ್ನಿನ ಮುಚ್ಚಳ ಹಾಕಿದರು. "ಅದ್ ಸಮ ಮಾಡ್. ಆಮೇಲೆ ಹಾಕ್ತೆ."